ಬಾಗಿಲ ಮುಂದಿನ ಹಿಮ

ಹಿಮವೆಂದರೆ ನಮಗೆ ಸಿನಿಮಾ ಹಾಡಿನ ಹಿನ್ನೆಲೆ. ಅಮೆರಿಕದ ಬಫಲೊ ನಗರದವರಿಗೆ ಅದು ಬೆಳಗಾಗೆದ್ದು ಮಾಡಲೇಬೇಕಾದ ಕೂಲಿ.

ಆ ಊರು ಈರಿ ಸರೋವರದ ಪೂರ್ವ ತುದಿಯಲ್ಲಿದೆ. ಚಳಿಗಾಲದ ಆರಂಭದಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಹಾದುಬರುವ ಶೀತಗಾಳಿ ತೇವವನ್ನು ಹೀರಿ, ದಡದಲ್ಲಿ ಹಿಮವಾಗಿ ಸುರಿಸುತ್ತದೆ. 2014ರ ನವೆಂಬರ್‌ನಲ್ಲಿ ನಗರದ ದಕ್ಷಿಣಕ್ಕೆ ಕೆಲವೆಡೆ 5 ಅಡಿಗೂ ಮಿಕ್ಕಿ ಹಿಮ ಬಿದ್ದಿತ್ತು.

ಮನೆಯಿಂದ ಬೀದಿಗೆ ಕಾರು ಇಳಿಯುವ ದಾರಿಗೆ ಅಲ್ಲಿ ಡ್ರೈವ್‌ವೇ ಎನ್ನುತ್ತಾರೆ. ಅದನ್ನು ತೆರವು ಮಾಡುವ ಹೊಣೆ ಮನೆಯವರದೇ. 10 ಮೀಟರ್ ಉದ್ದ, 5 ಮೀಟರ್ ಅಗಲದ ದಾರಿಯಲ್ಲಿ 30 ಸೆಂಟಿಮೀಟರ್ ಹಿಮ ಬಿದ್ದರೆ 15 ಘನಮೀಟರ್. ಹಗುರ ಹಿಮ ಘನಮೀಟರಿಗೆ 100 ಕಿಲೋ ಎಂದುಕೊಂಡರೂ ಒಂದೂವರೆ ಟನ್! ಒದ್ದೆ ಹಿಮವಾದರೆ ಮೂರು ಪಟ್ಟೂ ಆದೀತು. ಅಷ್ಟನ್ನೂ ಸಲಿಕೆಯಿಂದ ಎತ್ತಿ ಮುಗಿಸುವಷ್ಟರಲ್ಲಿ ಬೀದಿಯ ಹಿಮ ತಳ್ಳುವ ವಾಹನ ಬಂದು, ದಾರಿಯ ಬಾಯಿಗೇ ಹೊಸ ಗೋಡೆ ಕಟ್ಟಿ ಹೋಗುತ್ತದೆ.

ಇದು ನಗುವ ಮಾತಷ್ಟೇ ಅಲ್ಲ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ. ಭಾರ ಎತ್ತುವಾಗ ರಕ್ತದೊತ್ತಡ ಏರುತ್ತದೆ. ಸಲಿಕೆ ಹಿಡಿದಲ್ಲೇ ಹೃದಯಾಘಾತದಿಂದ ಕುಸಿಯುವವರು ಪ್ರತಿ ಚಳಿಗಾಲವೂ ಇದ್ದಾರೆ. ಎತ್ತುವುದಕ್ಕಿಂತ ತಳ್ಳುವುದು ಮೇಲು, ನಡುನಡುವೆ ವಿಶ್ರಾಂತಿ ಬೇಕು, ಹೃದ್ರೋಗಿಗಳು ಈ ಕೆಲಸಕ್ಕೇ ಕೈಹಾಕಬಾರದು ಎನ್ನುತ್ತಾರೆ ವೈದ್ಯರು.

ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಹಿರಿಯರು ಈ ಸಭೆಯಲ್ಲೂ ಇದ್ದೀರಿ. "ಸುಮ್ಮನೆ ಕೂತು ಬೇಸರ, ಅಂಗಳ ನಾನೇ ಬಳಿಯುತ್ತೇನೆ" ಎನ್ನಬೇಡಿ. ಅದು ನಮ್ಮ ಅಂಗಳವಲ್ಲ. ಪೊರಕೆಗೆ ಬಗ್ಗುವ ಕಸವೂ ಅಲ್ಲ.