ಊರು, ಕೇರಿ ಮತ್ತು ಆರೋಗ್ಯದ ಕಾರ್ಡು

(ಸಂಘದ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಾಮಾಜಿಕವಾಗಿ ಹೊರಗಿಡಲ್ಪಟ್ಟವರ ಆರೋಗ್ಯ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, ನಾನು ವೈದ್ಯನಲ್ಲ ಎಂದು ಹೇಳಿ ಜಾರಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. ಸಮಾಜಶಾಸ್ತ್ರದಲ್ಲಿ ಎಂ.ಎ. ಓದಿ, ಅನಂತರ ಮೂರು ದಶಕಗಳ ಕಾಲ ಕೇಂದ್ರ ಸರ್ಕಾರದ ಕಡತಗಳ ನಡುವೆ ಬದುಕಿದವರಿಗೆ ಹೊರಗಿಡುವುದು ಹೇಗೆಂದು ಗೊತ್ತಿರಲೇಬೇಕಲ್ಲ ಎಂದರು. ಅವರು ನಗುತ್ತ ಹೇಳಿದರೂ ಮಾತಿನಲ್ಲಿ ಸತ್ಯವಿತ್ತು.

‘ಹೊರಗಿಡುವಿಕೆ’ ಎಂಬ ಪರಿಭಾಷೆ ಸಮಾಜವಿಜ್ಞಾನಕ್ಕೆ ಬಂದದ್ದು ಫ್ರಾನ್ಸಿನಿಂದ. 1974ರಲ್ಲಿ ಅಲ್ಲಿಯ ಸರ್ಕಾರದಲ್ಲಿದ್ದ ರೆನೆ ಲೆನ್ವಾರ್ ಎಂಬುವರು ತಮ್ಮ ದೇಶದ ಏಳಿಗೆಯಲ್ಲಿ ಪಾಲು ಸಿಗದೆ ಹೊರಗುಳಿದವರನ್ನು ಕುರಿತು ಒಂದು ಪುಸ್ತಕ ಬರೆದರು. ಅಲ್ಲಿಂದ ಆ ಶಬ್ದ ಯೂರೋಪಿನ ನೀತಿಪತ್ರಗಳಿಗೂ, ಅಮರ್ತ್ಯ ಸೇನ್ ಅವರಂಥವರ ವಿಮರ್ಶೆಗೂ ಬಂದಿತು. ಆದರೆ ಈ ಪರಿಕಲ್ಪನೆಯನ್ನು ಆಮದು ಮಾಡಿಕೊಳ್ಳುವ ಅಗತ್ಯ ನಮಗೇನೂ ಇರಲಿಲ್ಲ. ಊರು ಮತ್ತು ಕೇರಿ ಎಂಬ ಎರಡು ಕನ್ನಡ ಪದಗಳ ನಡುವಿನ ಅಂತರದಲ್ಲಿ ಅದು ಪೂರ್ತಿಯಾಗಿ ಅಡಗಿದೆ. ಬಾವಿ ಎಲ್ಲಿ, ಚರಂಡಿ ಎತ್ತ ಹರಿಯಬೇಕು, ಸತ್ತ ದನವನ್ನು ಯಾರು ಎಳೆಯಬೇಕು ಎಂಬುದೆಲ್ಲವನ್ನೂ ಆ ಅಂತರವೇ ನಿರ್ಧರಿಸಿದೆ. ಹೀಗೆ ನೋಡಿದರೆ ಆರೋಗ್ಯದ ಅಸಮಾನತೆ ಆಸ್ಪತ್ರೆಯ ಬಾಗಿಲಿನಲ್ಲಿ ಆರಂಭವಾಗುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ.

ಈ ಸಭೆಯಲ್ಲಿ ಸರ್ಕಾರಿ ನೌಕರರೇ ಹೆಚ್ಚಾಗಿರುವುದರಿಂದ, ಸರ್ಕಾರಿ ನೌಕರರ ಮೇಲೆಯೇ ನಡೆದ ಒಂದು ಸಂಶೋಧನೆಯನ್ನು ಮೊದಲು ಹೇಳುತ್ತೇನೆ. ಲಂಡನ್ನಿನ ವೈಟ್‌ಹಾಲ್ ನಮ್ಮ ರೈಸೀನಾ ಗುಡ್ಡವಿದ್ದಂತೆ, ಅಲ್ಲಿಯ ಸಚಿವಾಲಯಗಳ ಬೀದಿ. 1967ರಿಂದ ಅಲ್ಲಿಯ ಹದಿನೇಳು ಸಾವಿರಕ್ಕೂ ಹೆಚ್ಚು ಪುರುಷ ನೌಕರರನ್ನು ವೈದ್ಯವಿಜ್ಞಾನಿಗಳು ವರ್ಷಗಟ್ಟಲೆ ಗಮನಿಸಿದರು. ಈ ಅಧ್ಯಯನವನ್ನು ಪ್ರಸಿದ್ಧಗೊಳಿಸಿದವರು ಮೈಕೆಲ್ ಮಾರ್ಮಟ್. ಕಂಡುಬಂದದ್ದು ಇಷ್ಟು: ಅತ್ಯಂತ ಕೆಳದರ್ಜೆಯ ಜವಾನ, ಬಾಗಿಲು ಕಾಯುವವ ಮೊದಲಾದವರ ಮರಣ ಪ್ರಮಾಣ, ಅತ್ಯುನ್ನತ ದರ್ಜೆಯ ಅಧಿಕಾರಿಗಳ ಪ್ರಮಾಣದ ಸುಮಾರು ಮೂರು ಪಟ್ಟು. ಇವರಾರೂ ಹಸಿದವರಲ್ಲ, ನಿರುದ್ಯೋಗಿಗಳಲ್ಲ. ಎಲ್ಲರಿಗೂ ಒಂದೇ ರಾಷ್ಟ್ರೀಯ ಆರೋಗ್ಯ ಸೇವೆ ಲಭ್ಯವಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕ ಹಾಕಿದರೂ ಅಂತರದ ಅರ್ಧಭಾಗವನ್ನೂ ವಿವರಿಸಲಾಗಲಿಲ್ಲ. ಇನ್ನೂ ಸೋಜಿಗದ ಸಂಗತಿಯೆಂದರೆ, ಅಂತರ ಮೇಲಿನವರಿಗೂ ಕೆಳಗಿನವರಿಗೂ ಮಾತ್ರ ಇರದೆ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಎರಡನೆಯ ದರ್ಜೆಯವನು ಮೊದಲನೆಯವನಿಗಿಂತ ಬೇಗ ಸಾಯುತ್ತಿದ್ದ. ಬಡ್ತಿಗಾಗಿ ನಾವು ಪಡುವ ಪಾಡಿಗೆ ಇಷ್ಟು ಗಂಭೀರವಾದ ವೈದ್ಯಕೀಯ ಸಮರ್ಥನೆ ಇದ್ದೀತೆಂದು ನಾನು ಭಾವಿಸಿರಲಿಲ್ಲ.

ಇನ್ನು ನಮ್ಮ ಸಚಿವಾಲಯಕ್ಕೆ ಬನ್ನಿ. ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ, ಅಂದರೆ ನಾವು ಸಿ.ಜಿ.ಎಚ್.ಎಸ್. ಎಂದು ಕರೆಯುವ ವ್ಯವಸ್ಥೆ, 1954ರಲ್ಲಿ ಈ ದೆಹಲಿಯಲ್ಲಿಯೇ ಆರಂಭವಾಯಿತು. ಡಿಸ್ಪೆನ್ಸರಿಯ ಸರತಿ ಸಾಲನ್ನೂ, ‘ಇಂಡೆಂಟ್ ಹಾಕಿದ್ದೇವೆ, ನಾಳೆ ಬನ್ನಿ’ ಎಂಬ ಔಷಧಿಯ ಕಿಟಕಿಯ ಮಾತನ್ನೂ ಬಯ್ಯದವರು ಈ ಸಭೆಯಲ್ಲಿ ಇರಲಾರರು. ಆದರೂ ಆ ಕಾರ್ಡು ಒಂದು ಅದ್ಭುತ. ಒಂದು ಕಾಲಕ್ಕೆ ಕಾರ್ಯದರ್ಶಿಗಳ ಕೊಠಡಿಗೂ ಅವರ ಕಾರಿಡಾರನ್ನು ಗುಡಿಸುವ ಸಫಾಯಿವಾಲಾನ ಕ್ವಾರ್ಟರ್ಸಿಗೂ ಅದು ಸಮಾನವಾಗಿ ತಲುಪುತ್ತಿತ್ತು. ವಾರ್ಡಿನ ದರ್ಜೆ ಬೇರೆಯಾಗಿದ್ದಿರಬಹುದು, ಕಾರ್ಡು ಒಂದೇ.

2008ರಲ್ಲಿ ಆರನೆಯ ವೇತನ ಆಯೋಗದ ಶಿಫಾರಸುಗಳು ಜಾರಿಗೆ ಬಂದಾಗ ‘ಡಿ’ ವರ್ಗ ರದ್ದಾಯಿತು. ಇದ್ದವರು ‘ಸಿ’ ವರ್ಗಕ್ಕೆ ಏರಿದರು, ಒಳ್ಳೆಯದೇ ಆಯಿತು. ಆದರೆ ಗುಡಿಸುವ ಕೆಲಸಕ್ಕೆ ಹೊಸದಾಗಿ ಖಾಯಂ ನೇಮಕವಾಗುವುದು ವಿರಳವಾಗಿ, ಆ ಕೆಲಸ ಟೆಂಡರಿನ ಮೂಲಕ ಗುತ್ತಿಗೆದಾರರಿಗೆ ಹೋಯಿತು. ಅತಿ ಕಡಿಮೆ ದರ ನಮೂದಿಸಿದವರಿಗೆ ಗುತ್ತಿಗೆ, ಇದು ನಿಮಗೆ ಗೊತ್ತಿರುವ ನಿಯಮ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ, ಹೆಸರು ಬೇಡ, ತಂದೆ ಖಾಯಂ ಸಫಾಯಿ ಕರ್ಮಚಾರಿಯಾಗಿ ನಿವೃತ್ತನಾದ. ಪಿಂಚಣಿ ಬಂತು, ಸಿ.ಜಿ.ಎಚ್.ಎಸ್. ಕಾರ್ಡು ಜೀವಮಾನಕ್ಕೆ ಉಳಿಯಿತು. ಮಗ ಅದೇ ಕಾರಿಡಾರಿಗೆ, ಅದೇ ಪೊರಕೆಗೆ ಬಂದ, ಗುತ್ತಿಗೆಯವನಾಗಿ. ಕಾನೂನಿನಂತೆ ಅವನಿಗೆ ಇ.ಎಸ್.ಐ. ಸಿಗಬೇಕು: ಕೂಲಿಯಿಂದ ಶೇ. 0.75, ಮಾಲೀಕನಿಂದ ಶೇ. 3.25. ಅವನ ಪಾಲು ತಪ್ಪದೆ ಕಡಿತವಾಗುತ್ತಿತ್ತು. ಕಾರ್ಡಿನ ಸಂಖ್ಯೆ ಮಾತ್ರ ಎರಡು ವರ್ಷವಾದರೂ ಅವನ ಕೈಗೆ ಬರಲಿಲ್ಲ, ಅಷ್ಟರಲ್ಲಿ ಗುತ್ತಿಗೆದಾರನೇ ಬದಲಾದ. ಅವನಿಗೆ ತಿಂಗಳುಗಟ್ಟಲೆ ಕೆಮ್ಮು ಬಂದಾಗ ಔಷಧಿ ಬಂದದ್ದು ಕಾರ್ಡಿಲ್ಲದ ಒಬ್ಬ ಬಡಾವಣೆಯ ವೈದ್ಯನಿಂದ, ಸಾಲದ ಹಣದಲ್ಲಿ. ಇಲ್ಲಿ ಯಾರೂ ಯಾರನ್ನೂ ಅಸ್ಪೃಶ್ಯರೆಂದು ಕರೆಯಲಿಲ್ಲ. ಪ್ರತಿಯೊಂದು ಟಿಪ್ಪಣಿಯೂ ನಿಯಮಬದ್ಧವಾಗಿತ್ತು. ಹೊರಗಿಡುವಿಕೆ ಈಗ ಹೀಗೆ ಕಾಣುತ್ತದೆ, ಅದಕ್ಕೊಂದು ಕಡತ ಸಂಖ್ಯೆಯೂ ಇರುತ್ತದೆ.

ಆದರೆ ಹಳೆಯ ರೂಪ ಹೋಗಿಲ್ಲ. ಸುಖದೇವ ಥೋರಟ್, ಘನಶ್ಯಾಮ ಶಾ, ಹರ್ಷ ಮಂದರ್ ಮುಂತಾದವರು 11 ರಾಜ್ಯಗಳ 565 ಹಳ್ಳಿಗಳ ಸಮೀಕ್ಷೆಯನ್ನು ಆಧರಿಸಿ 2006ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಮೂರರಲ್ಲಿ ಒಂದು ಹಳ್ಳಿಯಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ದೆಹಲಿಯ ದಲಿತ ಅಧ್ಯಯನ ಸಂಸ್ಥೆಯ ಲೆಕ್ಕಾಚಾರವನ್ನು ಆಧರಿಸಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ 2018ರಲ್ಲಿ ಒಂದು ಅಂಕಿಯನ್ನು ಮುಂದಿಟ್ಟಿತು: ಮೇಲ್ಜಾತಿಯ ಮಹಿಳೆಯರಿಗಿಂತ ದಲಿತ ಮಹಿಳೆಯರು ಸಾಯುವ ಸರಾಸರಿ ವಯಸ್ಸು 14.6 ವರ್ಷ ಕಡಿಮೆ. ಪತ್ರಿಕೆಗಳು ಇದನ್ನು ಆಯುರ್ನಿರೀಕ್ಷೆಯೆಂದು ಬರೆದವು. ಅದು ಸರಿಯಲ್ಲ, ಸತ್ತವರ ಸರಾಸರಿ ವಯಸ್ಸು ಬೇರೆ, ಆಯುರ್ನಿರೀಕ್ಷೆ ಬೇರೆ. ಎಳೆಯರ ಸಂಖ್ಯೆ ಹೆಚ್ಚಿರುವ ಸಮುದಾಯದಲ್ಲಿ ಮೊದಲನೆಯದು ತಾನಾಗಿ ಕೆಳಗಿಳಿಯುತ್ತದೆ. ಅಂಕಿಯನ್ನು ಉಬ್ಬಿಸಿದರೆ ಎದುರಾಳಿಗೆ ಸುಲಭವಾದ ಆಯುಧ ಕೊಟ್ಟಂತಾಗುತ್ತದೆ, ಆದ್ದರಿಂದ ಹೇಳಿದೆ. ಆ ರಿಯಾಯಿತಿ ಕೊಟ್ಟ ಮೇಲೂ ಉಳಿಯುವ ಅಂತರ ಯಾವ ನಾಗರಿಕ ದೇಶಕ್ಕೂ ಶೋಭೆ ತರುವಂಥದ್ದಲ್ಲ.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಈ ನಗರದ ನೆಲದ ಕೆಳಗಿನ ಸಂಗತಿ. 2017ರ ಜುಲೈ 15ರಂದು ಘಿಟೋರ್ನಿಯಲ್ಲಿ ಒಂದು ಗುಂಡಿಗೆ ಇಳಿದ ನಾಲ್ವರು ಸತ್ತರು. ಆಗಸ್ಟಿನಲ್ಲಿ ಲಾಜಪತ್ ನಗರದಲ್ಲಿ ಮೂವರು. ಆಮೇಲೆ ಆನಂದ್ ವಿಹಾರದಲ್ಲಿ, ಅನಂತರ ಒಂದು ಆಸ್ಪತ್ರೆಯ ಆವರಣದಲ್ಲಿ. ಐದು ವಾರಗಳಲ್ಲಿ ಹತ್ತು ಮಂದಿ. ಮರುವರ್ಷ ಸೆಪ್ಟೆಂಬರಿನಲ್ಲಿ ಮೋತಿನಗರದ ಒಂದು ದೊಡ್ಡ ವಸತಿ ಸಮುಚ್ಚಯದ ಮಲಿನ ನೀರಿನ ಶುದ್ಧೀಕರಣ ಘಟಕದಲ್ಲಿ ಐವರು. ಒಬ್ಬರಲ್ಲದೆ ಮೂವರು, ನಾಲ್ವರು, ಐವರು ಒಟ್ಟಿಗೆ ಏಕೆ ಸಾಯುತ್ತಾರೆಂದು ನೀವು ಯೋಚಿಸಿರಬಹುದು. ಮುಚ್ಚಿದ ಗುಂಡಿಯಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ; ಹೆಚ್ಚಾದಾಗ ಅದು ಮೂಗಿನ ವಾಸನಾಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆಯಿಲ್ಲವೆಂದು ಧೈರ್ಯದಿಂದ ಇಳಿದವನು ಎರಡು ಮೂರು ಉಸಿರಿನಲ್ಲಿ ಕುಸಿಯುತ್ತಾನೆ. ಮೇಲೆ ನಿಂತ ಅಣ್ಣನೋ ಜೊತೆಗಾರನೋ ಅವನನ್ನು ಎತ್ತಲು ಇಳಿಯುತ್ತಾನೆ. ಎರಡನೆಯವನನ್ನು ಎತ್ತಲು ಮೂರನೆಯವನು. ಇದನ್ನು ಅಪಘಾತವೆಂದು ಪೊಲೀಸ್ ವರದಿ ಬರೆಯುತ್ತದೆ.

ಇಳಿಯುವವರು ಯಾರು? ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ‘ನಮಸ್ತೆ’ ಯೋಜನೆಯಡಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಕಾರ್ಮಿಕರ ಎಣಿಕೆ ನಡೆಯಿತು. 2024ರ ಹೊತ್ತಿಗೆ ಎಣಿಸಲ್ಪಟ್ಟ ಸುಮಾರು 38,000 ಮಂದಿಯಲ್ಲಿ ನೂರಕ್ಕೆ 69 ಮಂದಿ ಪರಿಶಿಷ್ಟ ಜಾತಿಯವರು. ಇದು ಯೋಗ್ಯತೆಯ ಆಧಾರದ ಮೇಲೆ ನಡೆದ ನೇಮಕಾತಿಯಲ್ಲವೆಂದು ವಿವರಿಸಿ ಹೇಳಬೇಕಾಗಿಲ್ಲ.

ಈ ವಿಷಯದಲ್ಲಿ ಕನ್ನಡನಾಡಿಗೆ ತನ್ನದೇ ಆದ ಚರಿತ್ರೆಯಿದೆ. ಹೊರನಾಡಿನಲ್ಲಿ ನಾವು ಅದನ್ನು ಹೇಳಿಕೊಳ್ಳುವುದು ಕಡಿಮೆ. ಬಿ. ಬಸವಲಿಂಗಪ್ಪನವರೆಂದರೆ 1973ರ ‘ಬೂಸಾ’ ಮಾತು ಮತ್ತು ಅದರ ಗಲಭೆ ನಮಗೆ ನೆನಪಾಗುತ್ತದೆ. ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರೂ ಅವರೇ. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಪೌರಕಾರ್ಮಿಕರ ಬದುಕನ್ನು ಪರಿಶೀಲಿಸಿ, ಎಷ್ಟು ಜನಸಂಖ್ಯೆಗೆ ಎಷ್ಟು ಕಾರ್ಮಿಕರಿರಬೇಕೆಂದು ಲೆಕ್ಕ ಹಾಕಿ ಕೊಟ್ಟಿತು. 1993ರಲ್ಲಿ ಸಂಸತ್ತು ಮಲ ಹೊರುವ ಪದ್ಧತಿಯ ವಿರುದ್ಧ ಮೊದಲ ಕಾಯ್ದೆ ಮಾಡಿದಾಗ, ಅದನ್ನು ಕೋರಿ ನಿರ್ಣಯ ಕಳಿಸಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇನ್ನೊಂದು ಮುಖವೂ ಇದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈಯಲ್ಲಿ ಭಂಗಿ ಸಮುದಾಯದವರು, ಇದ್ದ ನೆಲೆಯಿಂದ ತೆರವುಗೊಳಿಸುವುದನ್ನು ವಿರೋಧಿಸಿ, ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ಪ್ರತಿಭಟಿಸಿದರು. ಕಾಯ್ದೆ ಬಂದು ಹದಿನೇಳು ವರ್ಷವಾಗಿತ್ತು.

ಮತ್ತೆ ಕೋಲಾರ ಚಿನ್ನದ ಗಣಿ. ಆ ನೆಲದಿಂದ ತೆಗೆದ ಚಿನ್ನದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿಯ ಕಾರ್ಮಿಕರ ವಸತಿಗಳಲ್ಲಿ ಒಣ ಪಾಯಖಾನೆಗಳಿದ್ದವು. ಅವನ್ನು ಬಳಿಯುವ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಎಂಬತ್ತರ ದಶಕದಲ್ಲಿ ಅವರು ಅರ್ಜಿ ಬರೆಯುವುದರಿಂದ ಹೋರಾಟ ಆರಂಭಿಸಿದರು. ಮುಂದೆ ಎಸ್.ಆರ್. ಶಂಕರನ್ ಅವರಂಥ ನಿಷ್ಠಾವಂತ ಐ.ಎ.ಎಸ್. ಅಧಿಕಾರಿಯ ಬೆಂಬಲದಿಂದ ಸಫಾಯಿ ಕರ್ಮಚಾರಿ ಆಂದೋಲನ ಬೆಳೆದು, ಕೊನೆಗೆ ಈ ದೆಹಲಿಯೇ ಅದರ ಕಾರ್ಯಕ್ಷೇತ್ರವಾಯಿತು. 2003ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ತೀರ್ಪು ಬಂದದ್ದು 2014ರ ಮಾರ್ಚ್ 27ರಂದು: 1993ರಿಂದೀಚೆಗೆ ಗುಂಡಿಗಳಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ ಹತ್ತು ಲಕ್ಷ ರೂಪಾಯಿ. 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಜ್ಞಾನಪೀಠ ಬಂದವರನ್ನು ಹಾರ ಹಾಕಿ ಕರೆತರುವ ಹೊರನಾಡಿನ ನಮ್ಮ ಸಂಘಗಳು ಈ ಕೆ.ಜಿ.ಎಫ್.ನವರನ್ನೂ ಹಾಗೆಯೇ ಕರೆತರಬೇಕು. ಕನ್ನಡ ಸಂಸ್ಕೃತಿಯೆಂದರೆ ಯಕ್ಷಗಾನ ಮತ್ತು ಸುಗಮ ಸಂಗೀತ ಮಾತ್ರವೆಂದು ನಾವು ಎಲ್ಲಿಯೂ ಠರಾವು ಮಾಡಿಲ್ಲ.

ಎಲ್ಲವೂ ನಿರಾಶೆಯೆಂದು ನಾನು ಹೇಳಲಾರೆ. 2019ರ ಫೆಬ್ರವರಿಯಲ್ಲಿ ದೆಹಲಿ ಸರ್ಕಾರ ಇಕ್ಕಟ್ಟಾದ ಗಲ್ಲಿಗಳಿಗೂ ಹೋಗಬಲ್ಲ 200 ಸ್ವಚ್ಛತಾ ಯಂತ್ರಗಳನ್ನು ರಸ್ತೆಗಿಳಿಸಿತು. ಬೆಂಗಳೂರಿನಲ್ಲಿ 2025ರ ಮೇ ದಿನದಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಖಾಯಂ ನೇಮಕದ ಪತ್ರ ದೊರೆಯಿತು. ನಮ್ಮ ಸಚಿವಾಲಯಗಳು ಹೋದ ದಿಕ್ಕಿಗೆ ಇದು ವಿರುದ್ಧ ದಿಕ್ಕು, ಇದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಅದೇ ವರ್ಷದ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನು ನಿಷೇಧಿಸಿ ಆದೇಶ ನೀಡಿತು. ದೆಹಲಿ, ಬೆಂಗಳೂರು ಎರಡೂ ಆ ಪಟ್ಟಿಯಲ್ಲಿವೆ.

ಹಾಗಾದರೆ ಇನ್ನೂ ಇಳಿಸುವವರು ಯಾರು? ಸರ್ಕಾರವೆಂದರೆ ನಮಗೆಲ್ಲ ಸಮಾಧಾನವಾಗುತ್ತದೆ. ಆದರೆ ಮೋತಿನಗರದ್ದು ವಸತಿ ಸಮುಚ್ಚಯ ಎಂಬುದನ್ನು ದಯವಿಟ್ಟು ಗಮನಿಸಿ. ನಮ್ಮಲ್ಲಿ ಅನೇಕರು ಸರ್ಕಾರಿ ಕ್ವಾರ್ಟರ್ಸು ಬಿಟ್ಟು ದ್ವಾರಕಾ, ಮಯೂರ್ ವಿಹಾರ, ನೋಯ್ಡಾ, ಗುರುಗ್ರಾಮ, ಇಂದಿರಾಪುರಂಗಳ ಸೊಸೈಟಿಗಳಲ್ಲಿ ನೆಲೆಸಿದ್ದೇವೆ. ನಿವೃತ್ತರಾದವರಲ್ಲಿ ಹಲವರು ಸೊಸೈಟಿಯ ಅಧ್ಯಕ್ಷರೋ ಖಜಾಂಚಿಯೋ ಆಗಿದ್ದಾರೆ. ಲೆಕ್ಕ ಚೆನ್ನಾಗಿ ಇಡುತ್ತಾರೆಂದು ಉಳಿದವರು ನಮ್ಮನ್ನೇ ಆರಿಸುತ್ತಾರೆ. ಮಳೆಗಾಲಕ್ಕೆ ಮುನ್ನ ಟ್ಯಾಂಕು ಸ್ವಚ್ಛ ಮಾಡಿಸುವ ಚೀಟಿಗೆ ಸಹಿ ಹಾಕುವವರು ನಾವೇ. ಯಂತ್ರದ ಗಾಡಿ ತರಿಸಿದರೆ ಖರ್ಚು ಹೆಚ್ಚು, ಇಬ್ಬರು ಹುಡುಗರನ್ನು ಇಳಿಸಿದರೆ ಕಡಿಮೆ. ಆ ವ್ಯತ್ಯಾಸವನ್ನು ಫ್ಲ್ಯಾಟುಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಒಂದು ಮಸಾಲೆ ದೋಸೆಯ ಬೆಲೆಯೂ ಆಗದು. 2013ರ ಕಾಯ್ದೆಯ ಏಳನೆಯ ಕಲಮಿನ ಪ್ರಕಾರ, ರಕ್ಷಣೆಯಿಲ್ಲದೆ ಒಬ್ಬನನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಅಪರಾಧ. ನೇರವಾಗಿ ನೇಮಿಸಿದರೂ ಸರಿ, ಗುತ್ತಿಗೆದಾರನ ಮೂಲಕವಾದರೂ ಸರಿ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ‘ಗುತ್ತಿಗೆದಾರನಿಗೆ ಹೇಳಿದ್ದೆ’ ಎಂಬುದು ಕಚೇರಿಯ ಟಿಪ್ಪಣಿಯಲ್ಲಿ ನಡೆದೀತು, ನ್ಯಾಯಾಲಯದಲ್ಲಿ ನಡೆಯುವುದು ಕಷ್ಟ.

ಆದ್ದರಿಂದ ಒಂದು ಪುಟದ ಕನ್ನಡ ಟಿಪ್ಪಣಿಯನ್ನು ಸಿದ್ಧಪಡಿಸಿ ತಂದಿದ್ದೇನೆ. ಏಳು ಮತ್ತು ಒಂಬತ್ತನೆಯ ಕಲಮುಗಳ ಸಾರ, ಗುತ್ತಿಗೆಯ ಕರಾರಿನಲ್ಲಿ ಸೇರಿಸಬೇಕಾದ ಮೂರು ಷರತ್ತುಗಳು: ಯಂತ್ರದಿಂದಲೇ ಕೆಲಸ, ಪ್ರತಿ ಕೆಲಸಗಾರನ ಇ.ಎಸ್.ಐ. ಸಂಖ್ಯೆ ಬಿಲ್ಲಿನ ಜೊತೆಗೆ, ಸಂಖ್ಯೆ ಇಲ್ಲದಿದ್ದರೆ ಬಿಲ್ಲು ಪಾವತಿಯಿಲ್ಲ. ಮೇಲ್ವಿಚಾರಕರಿಗೆ ತೋರಿಸಲು ಹಿಂದಿನ ಪುಟದಲ್ಲಿ ಹಿಂದಿಯಲ್ಲೂ ಇದೆ. ಪ್ರತಿಗಳು ಬಾಗಿಲಿನ ಬಳಿ, ಕಾಫಿ ಇಟ್ಟಿರುವ ಮೇಜಿನ ಮೇಲೆ ಇವೆ. ನಮ್ಮ ಸಂಘದ ಈ ಕಟ್ಟಡದ ನಿರ್ವಹಣೆಯ ಕರಾರು ಮುಂದಿನ ತಿಂಗಳು ನವೀಕರಣಕ್ಕೆ ಬರಲಿದೆ ಎಂದು ಕೇಳಿದ್ದೇನೆ. ಮೊದಲ ಪ್ರತಿಯನ್ನು ಅಧ್ಯಕ್ಷರಿಗೆ ಈಗಲೇ ಕೊಡುತ್ತಿದ್ದೇನೆ. ಪ್ರಶ್ನೆಗಳಿದ್ದರೆ ಕೇಳಬಹುದು.