ಎರೆ, ಎಳೆ, ಎಚ್ಚರ

‘ಎರೆ’ ಎಂಬ ನಮ್ಮ ಪುಟ್ಟ ಶಬ್ದಕ್ಕೆ ಹಲವು ಅರ್ಥಗಳುಂಟು. ದಾವಣಗೆರೆ ಸೀಮೆಯ ರೈತನಿಗೆ ಅದು ಹತ್ತಿ, ಜೋಳ ಬೆಳೆಯುವ ಕಪ್ಪು ಭೂಮಿ. ಬಾಣಂತಿಯ ಮನೆಯಲ್ಲಿ ಅದು ಕೂಸಿಗೆ ನೀರು ಹೊಯ್ಯುವ ಕೆಲಸ. ಹರಿಹರದ ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನಿಗೆ ಅದು ಮೀನಿಗೆ ಒಡ್ಡುವ ಆಹಾರ. ರೈತನ ಮಿತ್ರನೆಂದು ಇಂದು ನಾವು ಕೊಂಡಾಡುವ ಎರೆಹುಳುವಿಗೆ ಆ ಹೆಸರು ಅಂಟಿಕೊಂಡದ್ದು ಗಾಳದ ಕೊಕ್ಕೆಯಿಂದಲೇ. ಗಾಳ ಹಾಕುವುದನ್ನು ಸೋಮಾರಿಗಳ ಕಾಲಕ್ಷೇಪವೆಂದು ಹಳಿಯುವ ಮೊದಲು ಇಷ್ಟನ್ನಾದರೂ ನೆನೆಯಬೇಕು.

ಕೇಳುಗ ಮಿತ್ರರೆ, ಇದು ಅರಸರೂ ಆದರಿಸಿದ ವಿದ್ಯೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ನೂರು ಅಧ್ಯಾಯಗಳ ಆ ವಿಶ್ವಕೋಶದಲ್ಲಿ ಆನೆ, ಅಡುಗೆ, ಸಂಗೀತಗಳ ಸಾಲಿನಲ್ಲಿ ಗಾಳಕ್ಕೂ ಪೀಠ ದೊರೆತಿದೆ. ಕಡಲಿನ ಮೀನು ಯಾವುದು, ಹೊಳೆಯದು ಯಾವುದು, ಮೈಮೇಲೆ ಹುರುಪೆ ಉಳ್ಳದ್ದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ತಿನಿಸು ಎಂಬುದನ್ನೆಲ್ಲ ದೊರೆ ವಿಂಗಡಿಸಿ ಹೇಳುತ್ತಾನೆ. ಹರಿಹರದ ಹರಿಹರೇಶ್ವರ ದೇಗುಲವನ್ನು ಪೊಲಾಳ್ವ ದಂಡನಾಯಕನು ಕಟ್ಟಿಸಿದ್ದು 1224ರ ಸುಮಾರಿಗೆ. ಅದಕ್ಕೂ ಒಂದು ಶತಮಾನ ಹಿಂದಿನ ಮಾತಿದು. ಗಾಳದ ವಿಷಯದಲ್ಲಿ ಜಗತ್ಪ್ರಸಿದ್ಧವಾದ ಇಂಗ್ಲೆಂಡಿನ ಐಸಾಕ್ ವಾಲ್ಟನ್ನನ ಪುಸ್ತಕ ಹೊರಬಂದದ್ದು 1653ರಲ್ಲಿ. ನಮ್ಮ ದೊರೆ ಅವನಿಗಿಂತ ಐದು ಶತಮಾನ ಹಿರಿಯ. ಈ ಅಧ್ಯಾಯದ ಕಡೆಗೆ ಆಧುನಿಕ ವಿದ್ವಾಂಸರ ಗಮನ ಸೆಳೆದವರು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ, 1951ರಲ್ಲಿ.

ಸೋಮೇಶ್ವರನ ವಿಂಗಡಣೆಯ ಒಳಗುಟ್ಟು ಇಷ್ಟೆ: ಎರೆಯನ್ನು ಆಯುವವನು ಮೀನಿನ ಸ್ವಭಾವವನ್ನು ಬಲ್ಲವನಾಗಿರಬೇಕು. ಬಲೆ ಬೀಸುವವನು ಮೀನಿನ ಇಷ್ಟಾನಿಷ್ಟಗಳನ್ನು ವಿಚಾರಿಸಬೇಕಾಗಿಲ್ಲ. ಗಾಳಕ್ಕಾದರೋ ಮೀನು ತಾನಾಗಿ ಬಾಯಿ ಹಾಕಬೇಕು. ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಅದಕ್ಕುಂಟು. ರೋಹು, ಗೆಂಡೆಗಳು ವಾಸನೆ ಹಿಡಿದು, ರುಚಿ ನೋಡಿ ತಿನ್ನುವ ಜಾತಿಯವು. ಅವಕ್ಕೆ ಶೇಂಗಾ ಹಿಂಡಿಯನ್ನು ತೌಡಿನೊಡನೆ ಕಲಸಿ ಕಟ್ಟಿದ ಉಂಡೆ ಸಾಕು. ಸ್ನಾನಘಟ್ಟದಲ್ಲಿ ಯಾರಾದರೂ ಹಿಡಿ ಮಂಡಕ್ಕಿ ಚೆಲ್ಲಿದಾಗ ನೀರು ಕುದಿಯುವಂತೆ ಮೀನುಗಳು ಮೇಲೇಳುವುದನ್ನು ಕಂಡವರು ದಾವಣಗೆರೆಯ ಮಂಡಕ್ಕಿಯ ಮೋಹ ಹೊಳೆಗೂ ತಗುಲಿದೆ ಎಂದಾರು! ಬಾಳೆ ಮೀನಿನ ಬಗೆ ಬೇರೆ. ಅದು ಬೇಟೆಗಾರ, ಬಾಯಿ ತುಂಬ ಹಲ್ಲು. ಸಂಜೆಗತ್ತಲಲ್ಲಿ ಮಡುವಿನಿಂದ ಹೊರಟು ಸಣ್ಣ ಮೀನುಗಳನ್ನು ಅಟ್ಟುತ್ತದೆ. ಅದರ ಮುಂದೆ ಹಿಟ್ಟಿನ ಉಂಡೆ ಇಟ್ಟು ಫಲವಿಲ್ಲ. ನೀರಿನಲ್ಲಿ ಮೀನಿನಂತೆ ಹೊಳೆದು ಹೊರಳುವ ಲೋಹದ ಚಮಚವನ್ನು ಎಸೆದು ಎಳೆಯಬೇಕು. ಮರ, ರಬ್ಬರು, ಲೋಹಗಳಿಂದ ಮಾಡಿದ ಇಂಥ ಹುಸಿ ಎರೆಗಳಿಂದ ಇಂದಿನ ಅಂಗಡಿಗಳು ತುಂಬಿವೆ. ಅವುಗಳ ಬಣ್ಣಕ್ಕೆ ಮರುಳಾಗುವವನು ಸಾಮಾನ್ಯವಾಗಿ ಮನುಷ್ಯ, ಮೀನಲ್ಲ.

ನೀರಿನ ಬಣ್ಣವನ್ನಂತೂ ನೋಡಲೇಬೇಕು. ಮುಂಗಾರಿನಲ್ಲಿ ಮಲೆನಾಡಿನ ಕೆಮ್ಮಣ್ಣನ್ನು ಹೊತ್ತು ತುಂಗಭದ್ರೆ ಹರಿಯುವಾಗ ಮೀನಿನ ಕಣ್ಣಿಗೆ ಕೆಲಸವಿಲ್ಲ. ಆಗ ವಾಸನೆಯುಳ್ಳ ಎರೆ ಬೇಕು. ಹುಸಿ ಎರೆಯಾದರೆ ಕಡುಬಣ್ಣದ್ದು, ನೀರನ್ನು ಅಲುಗಿಸಿ ಸದ್ದು ಮಾಡುವಂಥದ್ದು ಬೇಕು. ಮಾಗಿಯಲ್ಲಿ ನೀರು ತಿಳಿಯಾದ ಮೇಲೆ ಅದೇ ಎರೆ ಮೀನನ್ನು ಬೆದರಿಸುತ್ತದೆ. ಆಗ ಚಿಕ್ಕದು, ಸಹಜವಾದ ಬಣ್ಣದ್ದು ಮೇಲು.

ಅಮೆರಿಕದಲ್ಲಿ ಗಾಳದವರ ಆರಾಧ್ಯದೈವ ಬಾಸ್ ಎಂಬ ಮೀನು. ಅದರ ಹೆಸರಿನಲ್ಲಿ ಅಲ್ಲಿ ಪಂದ್ಯಗಳು, ಪತ್ರಿಕೆಗಳು, ದೊಡ್ಡ ವ್ಯಾಪಾರವೇ ನಡೆಯುತ್ತವೆ. ನಮ್ಮ ಕೆರೆಗಳಲ್ಲಿ ಅದಿಲ್ಲ. ಆದರೆ ಅದರ ಗುಣದ ಮೀನು ಇದೆ. ಹೂವಿನ ಮುರ್ಲು, ಕುಚ್ಚಿನ ಮುರ್ಲು, ಕೊರವ ಎಂದು ಊರಿಗೊಂದು ಹೆಸರಿನಿಂದ ಕರೆಯುವ ಹಾವುತಲೆಯ ಮೀನುಗಳ ಬಳಗ ಅದು. ಇವೆರಡಕ್ಕೂ ರಕ್ತಸಂಬಂಧವಿಲ್ಲ, ಬುದ್ಧಿ ಮಾತ್ರ ಒಂದೇ. ಕಳೆಯ ಮರೆಯಲ್ಲಿ ಹೊಂಚಿ ನಿಂತು, ಹತ್ತಿರ ಸುಳಿದುದರ ಮೇಲೆ ಒಮ್ಮೆಲೇ ಎರಗುವುದು ಇವುಗಳ ರೀತಿ. ಮುರ್ಲು ನೀರಿನಲ್ಲಿದ್ದೂ ಗಾಳಿ ಕುಡಿಯದೆ ಬದುಕಲಾರದು. ತಾವರೆ ಎಲೆಗಳ ನಡುವೆ ಮೇಲೆ ಬಂದು ಗುಟುಕು ಗಾಳಿ ಎಳೆದುಕೊಂಡು ಇಳಿಯುತ್ತದೆ. ಆಗ ಏಳುವ ಉಂಗುರದಂಥ ಅಲೆಯೇ ಅದರ ವಿಳಾಸ. ಕೊಕ್ಕೆಗಳ ಮೊನೆ ಮೇಲ್ಮುಖವಾಗಿ ಬೆನ್ನಿಗೆ ಒತ್ತಿಕೊಂಡಿರುವ ರಬ್ಬರಿನ ಕಪ್ಪೆಯನ್ನು ಆ ಉಂಗುರದ ಆಚೆಗೆ ಎಸೆದು ಎಲೆಗಳ ಮೇಲೆ ಕುಪ್ಪಳಿಸುತ್ತ ತರಬೇಕು. ಮೀನು ಎರಗಿದೊಡನೆ ಜಗ್ಗಿದರೆ ಕಪ್ಪೆ ಮಾತ್ರ ಹಿಂದಕ್ಕೆ ಬರುತ್ತದೆ. ಕ್ಷಣಕಾಲ ತಾಳಿ, ಅದು ಬಾಯಿ ಮುಚ್ಚಿಕೊಂಡ ಮೇಲೆ ಎಳೆಯಬೇಕು.

ಇನ್ನು ಎಳೆಯ ವಿಚಾರ. ನೂಲು, ರೇಷ್ಮೆ, ಕುದುರೆಯ ಬಾಲದ ಕೂದಲುಗಳ ಕಾಲ ಮುಗಿದು ನೈಲಾನ್ ಬಂದದ್ದು 1930ರ ದಶಕದ ಕೊನೆಗೆ. ಒಂಟಿ ಎಳೆಯ ನೈಲಾನು ಹಿಗ್ಗುತ್ತದೆ. ಬಯಲು ನೀರಿನಲ್ಲಿ ರೋಹು ದೀರ್ಘವಾಗಿ ಓಡುವಾಗ ಆ ಹಿಗ್ಗುವಿಕೆಯೇ ರಕ್ಷೆ. ಈಚಿನ ಹೆಣೆದ ಎಳೆ ಹಿಗ್ಗುವುದಿಲ್ಲ, ಅಷ್ಟೇ ದಪ್ಪದ ನೈಲಾನಿಗಿಂತ ಬಹಳ ಗಟ್ಟಿ. ಕಳೆಯನ್ನು ಸೀಳಿ ಮುರ್ಲನ್ನು ಹೊರತರಲು ಅದೇ ತಕ್ಕದ್ದು. ಎಳೆ ಯಾವುದಾದರೂ ಸೋಲುವುದು ಗಂಟಿನಲ್ಲಿ. ಆದುದರಿಂದ ಗಂಟನ್ನು ಬಿಗಿಯುವ ಮುನ್ನ ಒದ್ದೆ ಮಾಡಬೇಕು. ರೀಲಿನ ಬಿಗಿ, ಎಳೆಯ ಶಕ್ತಿಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟಿದ್ದರೆ ಸಾಕು. ಪೂರ್ತಿ ಬಿಗಿ ಹಿಡಿದವನು ಮೀನನ್ನೂ ಎಳೆಯನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ.

ಎರೆ, ಎಳೆಗಳನ್ನು ಹಣ ಕೊಟ್ಟು ತರಬಹುದು. ಎಚ್ಚರವನ್ನು ನೀರಿನ ಬಳಿಯೇ ಗಳಿಸಬೇಕು. ಸೂಳೆಕೆರೆಯಿಂದ ಇಳಿದು ಬರುವ ಹರಿದ್ರಾ ಹಳ್ಳ ಹರಿಹರದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಇಂಥ ಸಂಗಮಗಳಲ್ಲಿ ವೇಗದ ನೀರೂ ನಿಧಾನದ ನೀರೂ ಸಂಧಿಸುವ ಒಂದು ಗೆರೆ ಇರುತ್ತದೆ. ಹೊಳೆ ಹೊತ್ತು ತರುವ ಆಹಾರಕ್ಕಾಗಿ ಮೀನು ಶ್ರಮವಿಲ್ಲದೆ ಕಾಯುವುದು ಆ ಗೆರೆಯ ನಿಧಾನದ ಬದಿಯಲ್ಲಿ. ಗಾಳವನ್ನು ಹೊಳೆಯ ನಡುವಿಗೆ ಎಸೆಯುವ ಉತ್ಸಾಹದಲ್ಲಿ ಹೊಸಬರು ಕಾಲ ಬುಡದ ಈ ಗೆರೆಯನ್ನೇ ತುಳಿದು ಕಲಕುತ್ತಾರೆ.

ಈ ಎಚ್ಚರಕ್ಕೆ ಇನ್ನೊಂದು ಮುಖವಿದೆ. ಇಂದಿನ ಮಾತಿನ ತಿರುಳು ಅದು. ಮುರ್ಲು ಮೊಟ್ಟೆಯಿಟ್ಟು ಮರೆತುಹೋಗುವ ಮೀನಲ್ಲ. ತಾಯಿತಂದೆಗಳು ಮರಿಗಳ ಕಾವಲಿಗೆ ನಿಲ್ಲುತ್ತವೆ. ಮಳೆಗಾಲದ ಕೆರೆಯಲ್ಲಿ ಕೆಂಪು, ಕಿತ್ತಳೆ ಬಣ್ಣದ ನೂರಾರು ಮರಿಗಳು ಒಂದೇ ಮುದ್ದೆಯಾಗಿ ಮೇಲ್ನೀರಿನಲ್ಲಿ ಸರಿಯುತ್ತವೆ. ಕೆಳಗೆ ಕತ್ತಲಲ್ಲಿ ಹೆತ್ತವರು ಹಿಂಬಾಲಿಸುತ್ತಿರುತ್ತವೆ. ಆ ಮುದ್ದೆಯ ನಡುವೆ ಕಪ್ಪೆಯನ್ನು ಎಸೆದರೆ ಮೀನು ಸಿಕ್ಕುವುದು ಬಹುಮಟ್ಟಿಗೆ ಖಚಿತ. ಆಗ ಅದು ಎರಗುವುದು ಹಸಿವಿನಿಂದಲ್ಲ, ಮರಿಗಳನ್ನು ಕಾಯುವ ರೋಷದಿಂದ. ಅದನ್ನು ಬುಟ್ಟಿಗೆ ಹಾಕಿಕೊಂಡು ಹೊರಟರೆ ಕಾವಲಿಲ್ಲದ ಮರಿಗಳು ಉಳಿದ ಮೀನುಗಳ ಪಾಲಾಗುತ್ತವೆ. ಬಾಸ್ ಮೀನಿನ ಗಂಡು ಸಹ ಹೀಗೆಯೇ ಗೂಡು ಕಾಯುತ್ತದೆ. ಕೆನಡಾದ ಒಂಟಾರಿಯೊದಂಥ ಪ್ರಾಂತ್ಯಗಳು ಆ ಕಾಲದಲ್ಲಿ ಅದನ್ನು ಹಿಡಿಯುವುದಕ್ಕೆ ಬಹುಕಾಲದಿಂದ ನಿರ್ಬಂಧ ಹಾಕುತ್ತ ಬಂದಿವೆ.

ನೀರಿಗೆ ಸಿಡಿಮದ್ದು, ವಿಷಗಳನ್ನು ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಅಧಿನಿಯಮವೇ ನಿಷೇಧಿಸಿತು. ಅವು ಕಣ್ಣಿಗೆ ಕಾಣುವ ಕ್ರೌರ್ಯಗಳು. ಮರಿಯ ಮುದ್ದೆಗೆ ಗಾಳ ಹಾಕುವುದು ಹಾಗೆ ಕಾಣುವುದಿಲ್ಲ. ಅದು ಜಾಣ್ಮೆಯಂತೆ ತೋರುತ್ತದೆ, ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳಲೂ ಬರುತ್ತದೆ. ವಾಲ್ಮೀಕಿಯ ಕಾಲಕ್ಕೆ ಬೇಟೆ ಹೊಸತಾಗಿರಲಿಲ್ಲ. ಆದಿಕವಿಯ ಶೋಕ ಶ್ಲೋಕವಾದದ್ದು ಬೇಡನು ಆರಿಸಿಕೊಂಡ ಗಳಿಗೆಯನ್ನು ಕಂಡು: ಜೊತೆಗೂಡಿ ಮೈಮರೆತಿದ್ದ ಕ್ರೌಂಚಗಳಲ್ಲಿ ಒಂದನ್ನು ಅವನು ಕೆಡವಿದ. ಹಸಿವಿಗೆ ಒಡ್ಡಿದ ಗಾಳವನ್ನು ಮೀನು ಒಲ್ಲೆ ಎನ್ನಬಲ್ಲದು. ವಾತ್ಸಲ್ಯಕ್ಕೆ ಒಡ್ಡಿದ ಗಾಳಕ್ಕೆ ಅದು ಇಲ್ಲ ಎನ್ನಲಾರದು. ಗಾಳ ಬಲೆಗಿಂತ ಮೇಲೆನಿಸಿದ್ದು ಆ ‘ಒಲ್ಲೆ’ಯಿಂದಾದರೆ, ಅದನ್ನು ಕಸಿದುಕೊಂಡ ಮೇಲೆ ಗಾಳದ ವಿನೋದದಲ್ಲಿ ಉಳಿಯುವುದಾದರೂ ಏನು?

ಕನ್ನಡದಲ್ಲಿ ‘ಎಳೆ’ ಎಂದರೆ ದಾರ, ಜಗ್ಗುವ ಕೆಲಸ, ಹಾಗೆಯೇ ಎಳೆಯದು, ಇನ್ನೂ ಬಲಿಯದ್ದು. ರಜೆಯಲ್ಲಿ ಮಕ್ಕಳಿಗೆ ಗಾಳ ಕಲಿಸುವ ಹಿರಿಯರು ಮೊದಲೆರಡು ಅರ್ಥಗಳ ಜೊತೆಗೆ ಮೂರನೆಯದನ್ನೂ ಕಲಿಸಲಿ. ಕೆರೆಯ ಗುತ್ತಿಗೆದಾರರ ಅಪ್ಪಣೆ ಕೇಳುವುದು, ಇಲಾಖೆಯ ನಿಯಮ ತಿಳಿಯುವುದು ಇದ್ದೇ ಇದೆ. ನೀರ ಮೇಲೆ ಆ ಕೆಂಪು ಮುದ್ದೆ ಕಂಡ ದಿನ ದಾರ ಸುತ್ತಿ, ಸದ್ದಿಲ್ಲದೆ ಕೆರೆಯ ಇನ್ನೊಂದು ಮಗ್ಗುಲಿಗೆ ಹೋಗಿ ಕುಳಿತುಕೊಳ್ಳಬೇಕು. ಅಲ್ಲಿ ಏನೂ ಸಿಕ್ಕದೆ ಇರಬಹುದು. ಎರಡು ವರುಷಗಳ ಮೇಲೆ ಸಿಕ್ಕಬೇಕಾದದ್ದು ಈ ಮಗ್ಗುಲಲ್ಲಿ ಬೆಳೆಯುತ್ತಿರುತ್ತದೆ.