ಹಿಮ ಬೀಳುವ ಮೊದಲೇ ಮನೆ ಸೇರುವುದು



2014ರ ಜನವರಿ 28, ಮಂಗಳವಾರ. ಅಮೆರಿಕದ ದಕ್ಷಿಣ ಭಾಗದ ಅಟ್ಲಾಂಟಾ ನಗರದಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಮ ಉದುರತೊಡಗಿತು. ಒಟ್ಟು ಬಿದ್ದದ್ದು ಆರೇಳು ಸೆಂಟಿಮೀಟರ್, ನಾಲ್ಕು ಬೆರಳಗಲದಷ್ಟು. ಉತ್ತರದ ಬಫಲೋ ಅಥವಾ ಮಿನಿಯಾಪೊಲಿಸ್‌ನಲ್ಲಿ ಇಷ್ಟು ಹಿಮ ಬಿದ್ದರೆ ಅದು ಸುದ್ದಿಯೇ ಅಲ್ಲ. ಅಟ್ಲಾಂಟಾದಲ್ಲಿ ಆ ರಾತ್ರಿ ಸಾವಿರಾರು ಜನ ಹೆದ್ದಾರಿಯ ಮೇಲೆ, ತಮ್ಮ ಕಾರುಗಳಲ್ಲೇ ಬೆಳಗು ಮಾಡಿದರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಶಾಲೆಗಳಲ್ಲೇ ಮಲಗಿದರು. ನಗರವನ್ನು ಬಳಸಿ ಹೋಗುವ 285ನೇ ಹೆದ್ದಾರಿಯಲ್ಲಿ ಒಂದು ಹೆಣ್ಣುಮಗು ಕಾರಿನಲ್ಲೇ ಹುಟ್ಟಿತು.

ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ 2012ರ ಸಮ್ಮೇಳನ ನಡೆದ ಊರು ಅದು. ನಮ್ಮವರು ಬಹಳ ಮಂದಿ ಅಲ್ಲಿ ನೆಲೆಸಿದ್ದಾರೆ. ಹಾಗಾಗಿ ಅಲ್ಲಿ ಏನಾಯಿತು ಎಂಬುದು ನಮಗೆ ತೀರ ದೂರದ ಸಂಗತಿಯಲ್ಲ.

ಹವಾಮಾನ ಮುನ್ಸೂಚನೆ ಇರಲಿಲ್ಲವೇ? ಇತ್ತು. ಹಿಮದ ಹೆಚ್ಚಿನ ಭಾಗ ನಗರದ ದಕ್ಷಿಣಕ್ಕೆ ಬೀಳಬಹುದೆಂಬ ಅಂದಾಜು ಸೋಮವಾರ ಇದ್ದದ್ದು ನಿಜ. ಆದರೆ ಮಂಗಳವಾರ ಬೆಳಗಿನ ಜಾವ ನಾಲ್ಕು ಗಂಟೆಗೂ ಮುಂಚೆ ರಾಷ್ಟ್ರೀಯ ಹವಾಮಾನ ಸೇವೆ ನಗರಕ್ಕೂ ಚಳಿಗಾಲದ ಬಿರುಗಾಳಿಯ ಎಚ್ಚರಿಕೆ ಹೊರಡಿಸಿತು. ಹಿಮ ಬೀಳಲು ಇನ್ನೂ ಏಳೆಂಟು ಗಂಟೆ ಇತ್ತು. ಬೆಳಗಾದಾಗ ರಸ್ತೆ ಒಣಗಿತ್ತು. ಶಾಲೆಗಳು ತೆರೆದವು, ಕಚೇರಿಗಳು ತೆರೆದವು, ಜನ ಎಂದಿನಂತೆ ಕೆಲಸಕ್ಕೆ ಹೋದರು. ಕಿಟಕಿಯಾಚೆ ಹಿಮದ ಹರಳು ಕಂಡಾಗ ಎಲ್ಲರೂ ಒಟ್ಟಿಗೇ ಎದ್ದರು. ಶಾಲೆ ಬಿಟ್ಟಿತು, ಕಚೇರಿ ಬಿಟ್ಟಿತು, ಸರ್ಕಾರಿ ನೌಕರರನ್ನೂ ಮನೆಗೆ ಕಳಿಸಿದರು. ಬೇಗ ಮನೆ ಸೇರೋಣ ಎಂಬ ಯೋಚನೆ ಒಬ್ಬೊಬ್ಬರ ಮಟ್ಟಿಗೂ ಸರಿಯೇ. ಇಡೀ ನಗರ ಒಂದೆರಡು ಗಂಟೆಯೊಳಗೆ ಅದನ್ನೇ ಮಾಡಿದ್ದರಿಂದ ಎಲ್ಲರೂ ಸಿಕ್ಕಿಬಿದ್ದರು.

ಆಮೇಲೆ ರಸ್ತೆಯ ಮೇಲೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮೊದಲು ಬಿದ್ದ ಹಿಮ ಟೈರುಗಳ ಅಡಿಯಲ್ಲಿ ಒತ್ತಿ ಕರಗಿತು. ಗಾಳಿ ಹೆಪ್ಪುಗಟ್ಟಿಸುವಷ್ಟು ತಣ್ಣಗಿದ್ದುದರಿಂದ ಆ ನೀರು ಗಾಜಿನಂಥ ಮಂಜುಗಡ್ಡೆಯಾಯಿತು. ಉಪ್ಪು ಎರಚಬೇಕಾದ ಲಾರಿಗಳು ಅದೇ ಕಾರುಗಳ ಸಾಲಿನ ಹಿಂದೆ ನಿಂತುಬಿಟ್ಟವು. ಒಣ ಡಾಂಬರಿನ ಮೇಲೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು, ಬ್ರೇಕ್ ಒತ್ತಿದ ಮೇಲೆ ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ನುಣುಪು ಮಂಜುಗಡ್ಡೆಯ ಮೇಲೆ ಹಿಡಿತ ಅದರ ಏಳನೆಯ ಒಂದು ಭಾಗಕ್ಕೆ ಇಳಿಯುವುದರಿಂದ, ಅದೇ ಕಾರು ನೂರು ಮೀಟರಿನಷ್ಟು ಜಾರಿಕೊಂಡು ಹೋಗಬಹುದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವ ದೊಡ್ಡ ಗಾಡಿಯಾದರೂ ಅಷ್ಟೇ. ಆ ವ್ಯವಸ್ಥೆ ಹೊರಡಲು ನೆರವಾಗುತ್ತದೆ, ನಿಲ್ಲಲು ಆಗುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಜನ ದೊಡ್ಡ ಗಾಡಿಯನ್ನೇ ಧೈರ್ಯವೆಂದು ನಂಬುತ್ತಾರೆ.

ಎರಡು ವಾರ ಕಳೆದು, ಫೆಬ್ರುವರಿ ಎರಡನೇ ವಾರದಲ್ಲಿ ಮತ್ತೊಂದು ಬಿರುಗಾಳಿಯ ಮುನ್ಸೂಚನೆ ಬಂತು. ಈ ಸಲ ರಾಜ್ಯಪಾಲರು ಮೊದಲೇ ತುರ್ತು ಸ್ಥಿತಿ ಘೋಷಿಸಿದರು, ಶಾಲೆಗಳಿಗೆ ಮುಂಚಿತವಾಗಿ ರಜೆ ಕೊಟ್ಟರು. ಮರ ಉರುಳಿದವು, ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು. ಆದರೆ ಹೆದ್ದಾರಿಗಳು ಬರಿದಾಗಿದ್ದವು. ಅದೇ ಊರು, ಅದೇ ಚಾಲಕರು.

ಅವರು ಪಾಠ ಕಲಿತರು ಎಂದು ಮಾತು ಮುಗಿಸಬಹುದಿತ್ತು. ಆದರೆ ಫೆಬ್ರುವರಿ 12ರಂದೇ, ಅದೇ ಬಿರುಗಾಳಿಯಲ್ಲಿ, ಸುಮಾರು 600 ಕಿಲೋಮೀಟರ್ ಆಚೆಯ ರಾಲಿ ನಗರದಲ್ಲಿ ಅಟ್ಲಾಂಟಾದ ಕಥೆ ಮರುಕಳಿಸಿತು. ಹಿಮ ಶುರುವಾದ ಮೇಲೆ ಎಲ್ಲರೂ ಹೊರಟರು, ಎಲ್ಲರೂ ಸಿಕ್ಕಿಕೊಂಡರು. ಏರುರಸ್ತೆಯೊಂದರಲ್ಲಿ ಅಡ್ಡಾದಿಡ್ಡಿ ನಿಂತ ಕಾರುಗಳು, ಅವುಗಳ ನಡುವೆ ಹೊತ್ತಿ ಉರಿಯುತ್ತಿರುವ ಒಂದು ವಾಹನ, ಈ ಚಿತ್ರ ಜಗತ್ತೆಲ್ಲ ಸುತ್ತಿತು. ಅಲ್ಲಿನವರು ಎರಡು ವಾರದ ಹಿಂದೆಯಷ್ಟೇ ಅಟ್ಲಾಂಟಾದ ಪಾಡನ್ನು ಟಿವಿಯಲ್ಲಿ ನೋಡಿದ್ದರು. ಅಷ್ಟೇ ಅಲ್ಲ, 2005ರ ಜನವರಿಯಲ್ಲಿ ಒಂದು ಅಂಗುಲ ಹಿಮಕ್ಕೆ ಸ್ವತಃ ಅವರ ಊರೇ ಹೀಗೆ ಕಟ್ಟಿಕೊಂಡು, ಮಕ್ಕಳು ಶಾಲೆಯಲ್ಲಿ ರಾತ್ರಿ ಕಳೆದಿದ್ದರು.

ನನಗೆ ಇದರಲ್ಲಿ ಕಾಣುವುದು ಇಷ್ಟು. ಚಾಲಕ ಮುನ್ಸೂಚನೆಯನ್ನು ಕೇಳುತ್ತಾನೆ, ಆದರೆ ನಡೆಯುವುದು ಮಾತ್ರ ಮೈಗೆ ನೆನಪಿರುವುದರ ಮೇಲೆ. ಎರಡು ವಾರದ ನೆನಪು ಅವನನ್ನು ಮನೆಯಲ್ಲಿ ಕೂರಿಸುತ್ತದೆ, ಒಂಬತ್ತು ವರ್ಷದ ನೆನಪು ಕೂರಿಸುವುದಿಲ್ಲ. ಹಿಮಕ್ಕೆ ಒಗ್ಗಿದ ನಾಡುಗಳಲ್ಲೂ ಈ ಮರೆವು ಉಂಟು. ಡೇನಿಯಲ್ ಐಸೆನ್‌ಬರ್ಗ್ ಮತ್ತು ಕೆನೆತ್ ವಾರ್ನರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ 1975ರಿಂದ 2000ದವರೆಗಿನ ಅಪಘಾತಗಳ ಲೆಕ್ಕವನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಒಣ ದಿನಗಳಿಗೆ ಹೋಲಿಸಿದರೆ ಹಿಮದ ದಿನಗಳಲ್ಲಿ ಡಿಕ್ಕಿಗಳು, ಗಾಯಗಳು ಹೆಚ್ಚು. ಸಾವು ತರುವ ಅಪಘಾತಗಳು ಮಾತ್ರ ಕಡಿಮೆ. ಅಂದರೆ ಜನ ವೇಗ ತಗ್ಗಿಸುತ್ತಾರೆ, ಆದರೆ ಸಾಕಷ್ಟು ತಗ್ಗಿಸುವುದಿಲ್ಲ. ಒಂದು ದಿನ ಮಾತ್ರ ಈ ಲೆಕ್ಕಕ್ಕೆ ಹೊರಗು. ವರ್ಷದ ಮೊದಲ ಹಿಮ ಬೀಳುವ ದಿನ ಉಳಿದ ಹಿಮದ ದಿನಗಳಿಗಿಂತ ಹೆಚ್ಚು ಪ್ರಾಣ ತೆಗೆಯುತ್ತದೆ, ಅದರಲ್ಲೂ ವಯಸ್ಸಾದ ಚಾಲಕರದು. ಬೇಸಿಗೆ ಕಳೆಯುವಷ್ಟರಲ್ಲಿ ಕಾಲು ಬ್ರೇಕಿನ ಹದವನ್ನು ಮರೆತಿರುತ್ತದೆ.

ಫಿನ್‌ಲೆಂಡ್ ಈ ಮರೆವನ್ನು ಒಪ್ಪಿಕೊಂಡೇ ನಿಯಮ ಮಾಡಿದೆ. ಚಳಿಗಾಲ ಬಂತೆಂದರೆ ಅಲ್ಲಿನ ಮುಖ್ಯ ರಸ್ತೆಗಳ ವೇಗಮಿತಿಯ ಫಲಕಗಳನ್ನೇ ಬದಲಿಸುತ್ತಾರೆ: ಹಲವೆಡೆ 120 ಇದ್ದದ್ದು 100, 100 ಇದ್ದದ್ದು 80. ಹವೆ ಅಥವಾ ರಸ್ತೆಯ ಸ್ಥಿತಿ ಬೇಡುವಂತಿದ್ದರೆ ಚಳಿಗಾಲದ ಟೈರು ಹಾಕಿಸುವುದು ಕಡ್ಡಾಯ. ಈ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗಿದ್ದು ರಸ್ತೆಯನ್ನು ಹಿಡಿಯುತ್ತದೆ, ಮಾಮೂಲಿ ಟೈರು ಗಡುಸಾಗಿ ಜಾರುತ್ತದೆ.

ನಮ್ಮ ಮಕ್ಕಳು ಓದಲೆಂದು ಆಗಸ್ಟ್‌ನಲ್ಲಿ ಮಿಷಿಗನ್ನಿಗೋ ಟೊರಾಂಟೊಗೋ ಹೋಗುತ್ತಾರೆ, ಒಂದು ಹಳೆಯ ಕಾರು ಕೊಳ್ಳುತ್ತಾರೆ. ನವೆಂಬರಿನಲ್ಲಿ ಮೊದಲ ಹಿಮ ಬೀಳುತ್ತದೆ. ಅವರ ಮೈಗೆ ಮರೆಯಲು ಕೂಡ ಯಾವ ನೆನಪೂ ಇರುವುದಿಲ್ಲ. ಫೋನಿನಲ್ಲಿ ಅವರೊಡನೆ ಮಾತಾಡುವಾಗ ಊಟ ಆಯಿತೇ ಎಂದು ಕೇಳುವ ತಂದೆತಾಯಂದಿರು ಟೈರಿನ ಮಾತನ್ನೂ ಎತ್ತಲಿ ಎಂದು ನನ್ನ ಕೋರಿಕೆ. ಮುನ್ಸೂಚನೆ ಬಂದ ದಿನ ರಸ್ತೆ ಒಣಗಿರುವಾಗಲೇ ಮನೆ ಸೇರುವುದು, ಇಲ್ಲವೇ ಇದ್ದಲ್ಲೇ ಉಳಿಯುವುದು ಒಳ್ಳೆಯದು. ಕೆಳಗೂ ಮೇಲೂ ತಣ್ಣನೆಯ ಗಾಳಿ ಆಡುವುದರಿಂದ ಸೇತುವೆಗಳು ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತವೆ, ಅಲ್ಲಿಗೆ ಬರುವ ಮೊದಲೇ ವೇಗ ಇಳಿಸಬೇಕು. ಕಾರಿನಲ್ಲಿ ಒಂದು ಕಂಬಳಿ, ನೀರು, ಚಿಕ್ಕ ಸಲಿಕೆ ಇರಲಿ. ಹಿಮದಲ್ಲಿ ಸಿಕ್ಕಿಕೊಂಡು ಬಿಸಿಗಾಗಿ ಎಂಜಿನ್ ಚಾಲೂ ಮಾಡಬೇಕಾಗಿ ಬಂದರೆ, ಮೊದಲು ಕೆಳಗಿಳಿದು ಹೊಗೆಕೊಳವೆಯ ಬಾಯಿಗೆ ತುಂಬಿದ ಹಿಮ ತೆಗೆಯಬೇಕು. ಅದು ಮುಚ್ಚಿಕೊಂಡರೆ ವಾಸನೆಯಿಲ್ಲದ ವಿಷಗಾಳಿ, ಕಾರ್ಬನ್ ಮಾನಾಕ್ಸೈಡ್, ಕಾರಿನೊಳಕ್ಕೆ ನುಗ್ಗುತ್ತದೆ.